ಕೆಂಪರಾಜು ಕದ್ದ ಅಕ್ಕಿ

ಹೆಂಡತಿಯ ಬಾಯಿಗೆ ಅಕ್ಕಿಕಾಳು ಹಾಕಲು ಕೆಂಪರಾಜು ಬಗ್ಗಿದಾಗ, ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ಬಾಮೈದ ಚಿಕ್ಕಮಾದು ಗೊಣಗಿದ.

"ಅಕ್ಕಿ ಕದ್ದು ಕೆಲ್ಸ ಕಳ್ಕಂಡೋನು. ಇವತ್ತಾದ್ರೂ ನಮ್ಮಕ್ಕನ್ಗೆ ಕೈತುಂಬ ಹಾಕು, ಭಾವ."

ಊರಿಗೆಲ್ಲ ಗೊತ್ತಿದ್ದ ಮಾತು. ಆದರೂ ಮಗಳು ಅರುಂಧತಿಗೆ ರೇಗಿತು. "ಸುಮ್ಕಿರು ಮಾವ. ಅವ್ವ ಇನ್ನೂ ಅಂಗಳದಲ್ಲೇ ಅವ್ಳೆ."

ಕೆಂಪರಾಜು ಮೆಲ್ಲಗೆ ಸೊಂಟ ನೇರ ಮಾಡಿಕೊಂಡ. "ಇನ್ನು ಯೋಳ್ಬೋದು ಕಣವ್ವ. ನಾನು ಕದ್ದಿದ್ದು ಉಣ್ಣೋ ಅಕ್ಕಿ ಅಲ್ಲ. ಆರೋ ಅಕ್ಕಿ."

ಚಿಕ್ಕಮಾದುವಿನ ಕೈ ಹಗ್ಗದ ಮೇಲೇ ನಿಂತಿತು.

* * *

ಆಗ ಕೆಂಪರಾಜುವಿಗೆ ಮೀಸೆ ಚಿಗುರುತ್ತಿತ್ತು. ಮ್ಯೂಸಿಯಮ್ಮಿಗೆ ಹಕ್ಕಿ ಸಂಗ್ರಹಿಸುವ ತಂಡವೊಂದು ಜಲಪಾತದ ಪಕ್ಕದ ಬ್ಲಫ್ ಎಂಬಲ್ಲಿ, ಹೊಳೆ ದಡದಲ್ಲಿ ಡೇರೆ ಹಾಕಿತ್ತು. ಹೊಡೆದ ಹಕ್ಕಿಯ ಚರ್ಮ ಸುಲಿದು, ಹತ್ತಿ ತುಂಬಿ ಹೊಲಿಯುವುದು ಅವನ ಕೆಲಸ. ತಂಡವನ್ನು ಹೊಳೆ ಸುತ್ತಿಸುವ ಹರಿಗೋಲು, ಮುಂದೆ ಅವನ ಹೆಂಡತಿಯಾದ ಬೆಳ್ಳಮ್ಮನ ಅಪ್ಪನದು. ಹುಟ್ಟು ಹಾಕುತ್ತಿದ್ದವಳು ಬೆಳ್ಳಮ್ಮ.

ಒಂದು ಬೆಳಿಗ್ಗೆ ಕೋವಿ ಗುಡುಗಿ, ಹಾವಕ್ಕಿಯೊಂದು ನಡುಹೊಳೆಗೆ ಬಿತ್ತು. ಸೆಳವು ಅದನ್ನು ಜಲಪಾತದ ಕಡೆಗೆ ಎಳೆಯತೊಡಗಿತು. "ಬುಟ್ಬುಡು" ಎಂದು ದಡದವರು ಕೂಗುತ್ತಿದ್ದಂತೆಯೇ ಬೆಳ್ಳಮ್ಮ ಹರಿಗೋಲು ತಿರುಗಿಸಿದಳು. ಬಂಡೆಗೆ ತಗುಲಿ ಅದು ಬುಗುರಿಯಂತೆ ಸುತ್ತಿತು. ಹಾವಿನಂಥ ಉದ್ದ ಕತ್ತನ್ನು ಹಿಡಿದು ಅವಳು ದಡ ಮುಟ್ಟಿದಾಗ, ಕುಕ್ಕಿಸಿಕೊಂಡ ಅಂಗೈಯಿಂದ ರಕ್ತ ಸೋರುತ್ತಿತ್ತು. ಅವಳು ನಗುತ್ತಿದ್ದಳು.

"ಜೀವ ಅದೆ ಇದ್ಕೆ," ಎಂದಳು ಕೆಂಪರಾಜುವಿಗೆ. "ಸುಲೀಬ್ಯಾಡ."

ತಂಡದ ಯಜಮಾನ ಅದನ್ನು ಕುಕ್ಕೆಯಡಿ ಮುಚ್ಚಿಸಿ, ಊಟವಾದ ಮೇಲೆ ಕೊಂದು ಸುಲಿಯಬೇಕೆಂದ. ಎಲ್ಲರೂ ಎಲೆ ಮುಂದೆ ಕೂತಿದ್ದಾಗ ಬೆಳ್ಳಮ್ಮ ಡೇರೆಗೆ ನುಗ್ಗಿ ಕುಕ್ಕೆ ಎತ್ತಿದಳು. ಕೆಂಪರಾಜು ತಡೆಯಲಿಲ್ಲ. ಚಾಕು, ಹತ್ತಿ ಎಲ್ಲ ಕೆಡವಿ, ಹಕ್ಕಿ ಬಿದ್ದೆದ್ದು ಓಡಿ ಹೊಳೆಗೆ ಧುಮುಕಿತು. ಆಚೆ ದಡದ ಹತ್ತಿರ ಅದರ ಕತ್ತೊಂದೇ ಮೇಲೆದ್ದಿತು.

"ಹಕ್ಕಿ ಎಲ್ಲಿ?" ಎಂದ ಯಜಮಾನ.

"ನಾನೇ ಕದ್ದೆ, ಸ್ವಾಮಿ."

ಸಂಜೆಯೊಳಗೆ ಅವನ ಕೆಲಸ ಹೋಯಿತು. ಹಕ್ಕಿ ಕದ್ದ ಸುದ್ದಿ ಊರಿನ ಬಾಯಿಗೆ ಬಿದ್ದು ಅಕ್ಕಿ ಕದ್ದ ಸುದ್ದಿಯಾಯಿತು.

* * *

"ನಂಗಾದ್ರೂ ಯೋಳಬಾರ್ದಾಗಿತ್ತಾ?" ಚಿಕ್ಕಮಾದು ಹಗ್ಗ ಬಿಟ್ಟು ಎದ್ದ.

"ಆಗ ಯೋಳಿದ್ರೆ ನಿಮ್ಮಪ್ಪನ ಅರಿಗೋಲಿನ ಕೆಲ್ಸನೂ ಓಯ್ತಿತ್ತು. ಆಮೇಕೆ ನೀವು ಅಕ್ಕಿಕಳ್ಳ ಅಂದಾಗೆಲ್ಲ ಅವ್ಳು ಸೆರಗು ಬಾಯಿಗಿಟ್ಕಂಡು ನಗೋಳು. ಅದ್ನ ನೋಡಕ್ಕೆ ಸುಮ್ಕಿದ್ದೆ ಕಣ್ಲಾ."

"ಅಂಗಾರೆ ಕಳ್ಳಿ ನಮ್ಮವ್ವ," ಎಂದಳು ಅರುಂಧತಿ, ಅಳುತ್ತಲೇ ನಗುತ್ತ.

ಅಂಗಳ ಗಲಗಲವೆಂದಿತು. ಆ ದಿನ ದಡದಲ್ಲಿದ್ದ ಮುದುಕಿಯರೆಲ್ಲ ಒಟ್ಟಿಗೇ ಮಾತಾಡತೊಡಗಿದರು. ಚಿಕ್ಕಮಾದು ಕಣ್ಣೊರೆಸಿಕೊಂಡು ತಮಟೆಯವರ ಕಡೆ ತಿರುಗಿದ. "ಬಡೀರ್ಲಾ ಜೋರಾಗಿ. ನಮ್ಮಕ್ಕ ಓಯ್ತಾವ್ಳೆ."

ಚಟ್ಟ ಮೇಲೆದ್ದಿತು. ಕೆಂಪರಾಜು ಟವೆಲ್ಲನ್ನು ಸೊಂಟಕ್ಕೆ ಬಿಗಿದು ತಮಟೆಯ ಮುಂದೆ ಕುಣಿತಕ್ಕೆ ಇಳಿದ. ಹೂವು ಎರಚುತ್ತಿದ್ದವರು ಸರಿದು ಜಾಗ ಬಿಟ್ಟರು. ಅರುಂಧತಿ ದುಪಟ್ಟಾ ಕಟ್ಟಿಕೊಂಡು ಅಪ್ಪನೆದುರು ಬಂದಳು. ಅವನ ಹೆಜ್ಜೆ ತಪ್ಪಿದಲ್ಲೆಲ್ಲ ಅವಳೂ ಹಾಗೆಯೇ ತಪ್ಪಿ ಹಾಕಿದಳು.