ಟೀಚರಮ್ಮನ ಬೆನ್ನು ತಿಕ್ಕುವ ಕೆಲಸ

ದೇವರ ಹತ್ತಿರ ಏನಾದರೂ ಬೇಡುವಾಗ ಸ್ವಲ್ಪ ವಿವರವಾಗಿ ಬೇಡಬೇಕು ಎನ್ನುವುದು ಹೊಲಿಗೆಯಾಕೆಗೆ ತಡವಾಗಿ ಹೊಳೆಯಿತು. ಒಂದು ಭಾನುವಾರದ ಆರಾಧನೆಯಲ್ಲಿ ಮಂಡಿಯೂರಿ, ಕರ್ತನಿಗಾಗಿ ತಾನೂ ಏನಾದರೂ ಮಾಡುವಂತಾಗಲಿ ಎಂದು ಕಣ್ಣೀರು ಸುರಿಸಿ ಕೇಳಿಕೊಂಡಿದ್ದಳು. ಅವಳ ಮನಸ್ಸಿನಲ್ಲಿ ಇದ್ದದ್ದು ತಬ್ಬಲಿ ಮಕ್ಕಳಿಗೆ ಅಂಗಿ ಹೊಲಿದು ಕೊಡುವಂಥ ಚೆಂದದ ಕೆಲಸ. ಸಿಕ್ಕಿದ್ದು ಟೀಚರಮ್ಮ.

ಟೀಚರಮ್ಮ ಹೊಲಿಗೆಯಾಕೆ ಇದ್ದ ಕಟ್ಟಡದ ಮಹಡಿಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಚರ್ಚಿನ ಸಭೆಯ ಗಾಯನ ತಂಡವನ್ನು ಸಿಂಹಾಸನದ ಮೇಲೆ ಕೂತವರಂತೆ ಆಳಿದವರು. ಅವರ ಕಾಲ ಕೆಳಗೇ, ಅಂದರೆ ನೆಲಮಹಡಿಯಲ್ಲಿ, ಹೊಲಿಗೆಯಾಕೆಯ ಅಂಗಡಿ. ಅಂಗಡಿಯ ಹಿಂದೆ ಅವಳ ಮನೆ. ಟೀಚರಮ್ಮ ಮೆಟ್ಟಿಲಲ್ಲಿ ಕಾಲು ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಆಸ್ಪತ್ರೆಯವರು ಅಂಗೈಯಿಂದ ಮೊಣಕೈ ದಾಟುವವರೆಗೆ ಪ್ಲಾಸ್ಟರ್ ಹಾಕಿ ಕಳಿಸಿದರು. ಮರುದಿನವೇ ಪಾದ್ರಿಗಳು ಅಂಗಡಿಯ ಬಾಗಿಲಲ್ಲಿ ಹಾಜರು.

"ಊಟ ತಂದುಕೊಡೋಕೆ ಜನ ಇದಾರಮ್ಮ," ಎಂದರು ಅವರು, ಹರಡಿಕೊಂಡಿದ್ದ ಬಟ್ಟೆಯ ತುಂಡುಗಳನ್ನು ತುಳಿಯದಂತೆ ಒಂಟಿಕಾಲಲ್ಲಿ ನಿಂತು. "ಸ್ನಾನ ಮಾಡಿಸೋದು, ತಲೆ ಬಾಚೋದು, ಇದಕ್ಕೆ ಮಾತ್ರ..."

"ಯಾರೂ ಒಪ್ಪಿಲ್ಲ."

"ನೀವು ಕೆಳಗೇ ಇದೀರಲ್ಲ ಅಂತ..."

ಯಾರೂ ಯಾಕೆ ಒಪ್ಪಲಿಲ್ಲ ಎನ್ನುವುದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹೊಸದಾಗಿ ಮದುವೆಯಾಗಿ ಬಂದಾಗ ಅವಳೂ ಆಸೆಪಟ್ಟು ಗಾಯನ ತಂಡ ಸೇರಿದ್ದಳು. ಒಂದು ದಿನ ಅಭ್ಯಾಸದ ನಡುವೆ ಟೀಚರಮ್ಮ ವಾದ್ಯ ನಿಲ್ಲಿಸಿ, ಕನ್ನಡಕದ ಮೇಲಿಂದ ನೋಡಿ, "ಎಣ್ಣೆ ಕಾಣದ ಬಾಗಿಲೊಂದು ಕಿರುಗುಟ್ತಿದೆ. ಯಾವುದು ಅಂತ ಹುಡುಕ್ತಿದ್ದೆ. ನೀನಾ? ಹೋಗು, ಕೂತ್ಕೊಂಡು ಕೇಳಿಸ್ಕೋ," ಎಂದಿದ್ದರು. ಎಲ್ಲರೂ ನಕ್ಕರು. ತಂಡದಲ್ಲೇ ಇದ್ದ ಅವಳ ಅತ್ತೆಯೂ ನಕ್ಕರು. ಅಂದಿನಿಂದ ಅವಳು ಆರಾಧನೆಯಲ್ಲಿ ಬರೀ ತುಟಿ ಆಡಿಸುತ್ತಿದ್ದಳು. ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟು ಹೋದರೂ ಆ ಮಾತು ಮಾತ್ರ ಎದೆಯೊಳಗೆ ಬಾಡಿಗೆ ಇಲ್ಲದೆ ಕೂತಿತ್ತು.

ಆದರೂ ಪಾದ್ರಿಗಳಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

"ವೈರಿಯನ್ನ ಪ್ರೀತಿಸಬೇಕು, ಅದು ಸರಿ," ಎಂದ ಅವಳ ಗಂಡ, ಬಸ್ಸಿನ ಡ್ರೈವರ್, ಷೂ ಕಟ್ಟಿಕೊಳ್ಳುತ್ತಾ. "ಸೋಪೂ ಹಚ್ಚಬೇಕು ಅಂತ ನಂಗೆ ಗೊತ್ತಿರಲಿಲ್ಲ."

"ನೀವು ಸುಮ್ನೆ ಬಸ್ಸು ಓಡಿಸಿ."

ಬೆಳಗಾದರೆ ಅವಳು ಮೆಟ್ಟಿಲು ಹತ್ತುತ್ತಿದ್ದಳು. ಬಾಗಿಲು ತಟ್ಟುವ ಮುಂಚೆ ಮುಖಕ್ಕೆ ಒಂದು ನಗು ಸಿಕ್ಕಿಸಿಕೊಳ್ಳುತ್ತಿದ್ದಳು; ಎಳೆದರೆ ಬಿಚ್ಚಿಹೋಗುವಂಥ ಕಚ್ಚಾ ಹೊಲಿಗೆಯ ನಗು. ಪ್ಲಾಸ್ಟರ್ ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲ ಸುತ್ತಿ, ದಾರ ಕಟ್ಟಿ, ಟೀಚರಮ್ಮನನ್ನು ಬಚ್ಚಲಿನ ಸ್ಟೂಲಿನ ಮೇಲೆ ಕೂರಿಸಿದರೆ ಶುರು.

"ನೀರು ಸುಡ್ತಿದೆ."

"ಈಗ ನೋಡಿ ಟೀಚರ್."

"ಈಗ ತಣ್ಣಗಾಯ್ತು. ಬೆನ್ನು ತಿಕ್ತಿದೀಯೋ, ಗೋಡೆಗೆ ಸುಣ್ಣ ಹೊಡೀತಿದೀಯೋ? ಅಯ್ಯೋ, ಮೆಲ್ಲಗೆ! ಮಾಂಸ ಇಲ್ಲ ಅಲ್ಲಿ, ಮೂಳೆ ಅದು!"

"ದೇವರು ಬೇಗ ವಾಸಿ ಮಾಡ್ತಾನೆ ಟೀಚರ್," ಎನ್ನುತ್ತಿದ್ದಳು ಹೊಲಿಗೆಯಾಕೆ, ಹಲ್ಲು ಕಚ್ಚಿ. ವಾಸಿ ಮಾಡಪ್ಪಾ, ಬೇಗ ಮಾಡು, ಇವರಿಗಾಗಿ ಅಲ್ಲದಿದ್ದರೂ ನನಗಾಗಿ ಎಂದು ಒಳಗೇ ಸೇರಿಸುತ್ತಿದ್ದಳು.

ಕೆಳಗೆ ಬಂದರೆ ಅಂಗಡಿಯ ಮುಂದೆ ಗಿರಾಕಿಗಳು ಮುಖ ಊದಿಸಿಕೊಂಡು ನಿಂತಿರುತ್ತಿದ್ದರು. ಒಬ್ಬರಿಗೆ ಕೋಟಿನ ತೋಳು ಗಿಡ್ಡ ಮಾಡಬೇಕು, ಇನ್ನೊಬ್ಬರಿಗೆ ಪ್ಯಾಂಟಿನ ಜಿಪ್ ಕೂಡಿಸಬೇಕು. ಮದುಮಗಳೊಬ್ಬಳ ಬಿಳಿ ಗೌನು ಅರ್ಧ ಹೊಲಿದದ್ದು ಮೊಳೆಗೆ ತೂಗುಬಿದ್ದು ಅವಳನ್ನೇ ದುರುಗುಟ್ಟಿ ನೋಡುತ್ತಿತ್ತು.

ಆ ಗೌನು ಕೊಡಬೇಕಾದ ದಿನವೇ ಅವಳ ತಾಳ್ಮೆಯ ದಾರ ಪಟ್ಟೆಂದು ಹರಿದದ್ದು. ಸ್ನಾನ ಮುಗಿದಿತ್ತು. ಬೈತಲೆ ಸೊಟ್ಟ ಎಂದು ಟೀಚರಮ್ಮ ಕಟ್ಟಿದ ಜಡೆ ಬಿಚ್ಚಿಸಿದರು. ಮತ್ತೆ ಬಾಚಿದಳು. ಈಗ ಜಡೆ ಬಿಗಿಯಾಯಿತು, ತಲೆನೋವು ಬರುತ್ತೆ ಎಂದರು. ಮತ್ತೆ ಬಿಚ್ಚಿದಳು. ಕೈಗನ್ನಡಿಯಲ್ಲಿ ನೋಡಿಕೊಂಡು, "ದರ್ಜಿ ಅಂತೀಯ, ಒಂದು ಗೆರೆ ನೆಟ್ಟಗೆ ಎಳೆಯೋಕೆ ಬರಲ್ವಾ?" ಎಂದರು.

ಬಾಚಣಿಗೆ ಹಾರಿ ಬಕೆಟ್ಟಿನೊಳಗೆ ಬಿತ್ತು.

"ಸಾಕು!" ಎಂದಳು ಹೊಲಿಗೆಯಾಕೆ. ತನ್ನ ದನಿಗೆ ತಾನೇ ಬೆಚ್ಚಿದಳು, ಆದರೆ ನಿಲ್ಲಿಸಲಾಗಲಿಲ್ಲ. "ನಾನೇನು ನಿಮ್ಮ ಆಳಾ? ಎಲ್ಲರ ಮುಂದೆ ನನ್ನ ಮಾನ ಕಳೆದು ತಂಡದಿಂದ ಆಚೆಗೆ ಹಾಕಿದ್ರಿ. ನಿಮ್ಮ ಮುಖ ನೋಡ್ಕೊಂಡು ಯಾರು ಬರ್ತಾರೆ ಇಲ್ಲಿಗೆ? ಯೇಸುವಿಗೋಸ್ಕರ ಬರ್ತಿದೀನಿ, ತಿಳ್ಕೊಳ್ಳಿ! ಅವನಿಗೋಸ್ಕರ!"

ಟೀಚರಮ್ಮ ಕನ್ನಡಿ ಕೆಳಗಿಟ್ಟರು.

"ಅದೇ ನಂಗೆ ಸಾಕಾಗಿರೋದು," ಎಂದರು. ದನಿಯಲ್ಲಿ ಎಂದಿನ ಏರು ಇರಲಿಲ್ಲ. "ಪಾದ್ರಿ ಹೆಂಡತಿ ಸೂಪು ತರ್ತಾಳೆ, ಅವನಿಗೋಸ್ಕರ. ಗಡಿಯಾರ ನೋಡ್ಕೊಂಡು ಪ್ರಾರ್ಥನೆ ಮಾಡಿ ಹೋಗ್ತಾಳೆ. ಬ್ರೆಡ್ಡು ತರೋರು, ಮಾತ್ರೆ ತರೋರು, ಎಲ್ಲರೂ ಅವನಿಗೋಸ್ಕರವೇ ಬರೋದು. ನಾನು ನಿಮ್ಮೆಲ್ಲರ ಪುಣ್ಯದ ಕೆಲಸ. ನನಗೋಸ್ಕರ ಅಂತ ಒಂದು ನರಪಿಳ್ಳೆ ಈ ಬಾಗಿಲು ತಟ್ಟಿದೆಯಾ? ನಿನ್ನ ಆ ನಗು ಇದೆಯಲ್ಲ, ಅದನ್ನ ನೋಡಿದ್ರೆ ಮೈ ಉರಿಯುತ್ತೆ. ಬೈದರಾದ್ರೂ ಬಿಚ್ಚಿಹೋಗುತ್ತೇನೋ ಅಂತ ನೋಡ್ತಿದ್ದೆ."

ಹೊಲಿಗೆಯಾಕೆ ದಡದಡನೆ ಮೆಟ್ಟಿಲಿಳಿದಳು. ಗೌನಿಗೆ ಕೂತರೆ ಸೂಜಿ ಮುರಿಯಿತು. ಹೊಸ ಸೂಜಿ ಹಾಕಿದರೆ ದಾರ ಗಂಟುಬಿತ್ತು. ದಿನಾ ಮೆಟ್ಟಿಲು ಹತ್ತಿದ್ದಾಯಿತು, ಬೈಗುಳ ನುಂಗಿದ್ದಾಯಿತು, ನಕ್ಕದ್ದೂ ಆಯಿತು. ಈಗ ನಕ್ಕದ್ದೇ ತಪ್ಪಂತೆ! ಇನ್ನೇನು ಮಾಡಬೇಕಿತ್ತು? ಆ ಮುದುಕಿಯನ್ನು ನಿಜವಾಗಿಯೂ ಇಷ್ಟಪಡಬೇಕಿತ್ತೇ? ಅದು ಯಾವ ನ್ಯಾಯ?

ಊಟಕ್ಕೆ ಬಂದ ಗಂಡ ಎಲ್ಲವನ್ನೂ ಕೇಳಿಸಿಕೊಂಡು, "ಅವರು ಹೇಳಿದ್ದು ಸುಳ್ಳಾ?" ಎಂದ.

"ಸುಳ್ಳಾಗಿದ್ರೆ ಇಷ್ಟು ಸಿಟ್ಟು ಯಾಕೆ ಬರ್ತಿತ್ತು!" ಎಂದು ಅವನ ಮೇಲೇ ಹರಿಹಾಯ್ದಳು.

ಮರುದಿನ ಹೋಗಬಾರದು ಎಂದುಕೊಂಡಳು. ಚಹಾ ಕುಡಿಯುವಾಗಲೂ ಹಾಗೇ ಅಂದುಕೊಂಡಳು. ಆಮೇಲೆ, ಥೂ ಎಂದು ಲೋಟ ಕುಕ್ಕಿ, ಮೆಟ್ಟಿಲು ಹತ್ತಿದಳು. ನಗು ಸಿಕ್ಕಿಸಿಕೊಳ್ಳಲಿಲ್ಲ, ಸಿಕ್ಕಿಸಿಕೊಳ್ಳಲು ಮನಸ್ಸಿರಲಿಲ್ಲ.

ಟೀಚರಮ್ಮ ಎಡಗೈಯಲ್ಲೇ ಬಟ್ಟೆ ಹಾಕಿಕೊಳ್ಳಲು ಹೋಗಿ ಗುಂಡಿಗಳನ್ನೆಲ್ಲ ಅದಲುಬದಲು ಹಾಕಿಕೊಂಡಿದ್ದರು. ಕೂದಲು ಕೆದರಿತ್ತು.

"ಯಾಕೆ ಬಂದೆ? ಅವನಿಗೋಸ್ಕರವಾ?"

"ಗೊತ್ತಿಲ್ಲ ಟೀಚರ್. ಬೆಳಿಗ್ಗೆ ಬೆಳಿಗ್ಗೆ ಪ್ರಶ್ನೆ ಕೇಳ್ಬೇಡಿ. ಕೈ ಎತ್ತಿ."

ಚೀಲ ಕಟ್ಟಿದಳು, ನೀರು ಹೊಯ್ದಳು. ಟೀಚರಮ್ಮ ಎಂದಿನಂತೆ ತಟ್ಟನೆ ಬೆನ್ನು ಸೆಟೆಸಿದರು.

"ಬಿಸಿಯೂ ಇಲ್ಲ, ತಣ್ಣಗೂ ಇಲ್ಲ. ನಾನೇ ಕೈಯಿಟ್ಟು ನೋಡಿದೀನಿ. ಮತ್ಯಾಕೆ ಎಗರ್ತೀರಿ?" ಎಂದು ಗದರಿದಳು.

ಇನ್ನೊಂದು ಚೊಂಬು ನೀರು ಹೊಯ್ದಳು.

"ಅಮ್ಮ ಹೋದಮೇಲೆ ನನ್ನ ಬೆನ್ನನ್ನ ಯಾರೂ ಮುಟ್ಟಿರಲಿಲ್ಲ," ಎಂದರು ಟೀಚರಮ್ಮ, ಗೋಡೆಯ ಕಡೆ ನೋಡುತ್ತಾ. "ಅಭ್ಯಾಸ ತಪ್ಪಿದೆ."

ಹೊಲಿಗೆಯಾಕೆ ಸೋಪು ಉಜ್ಜುವ ವಸ್ತ್ರವನ್ನು ಬದಿಗಿಟ್ಟು, ಅಂಗೈಯಲ್ಲೇ ನೊರೆ ಮಾಡಿಕೊಂಡು, ಆ ಎಲುಬು ಎದ್ದ ಬೆನ್ನಿಗೆ ಮೆಲ್ಲಗೆ ಹಚ್ಚಿದಳು.

"ಕಣ್ಣಿಗೆ ಸೋಪು ಹೋಯ್ತು," ಎಂದರು ಟೀಚರಮ್ಮ ಕೊನೆಗೆ.

"ಬೆನ್ನಿಗೆ ಹಚ್ಚಿದ ಸೋಪು ಕಣ್ಣಿಗೆ ಹೇಗೆ ಹೋಗುತ್ತೆ?"

ಅಲ್ಲಿಂದಾಚೆಗೆ ದಿನಾ ಜಗಳ. ಟೀಚರಮ್ಮ ಒಂದು ಅಂದರೆ ಅವಳು ಎರಡು ಅನ್ನುತ್ತಿದ್ದಳು. ಹಳೆಯ ಮಾತನ್ನೂ ಒಂದು ದಿನ ಎತ್ತಿದಳು. ಟೀಚರಮ್ಮ ಯೋಚಿಸಿ, "ನಿನ್ನ ಶ್ರುತಿ ಸರಿ ಇರಲಿಲ್ಲ, ಅದು ನಿಜ. ಆದರೆ ಅದನ್ನ ಪಕ್ಕಕ್ಕೆ ಕರೆದು ಹೇಳಬಹುದಿತ್ತು," ಎಂದರು. ಅವರ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು. ವಿಚಿತ್ರವೆಂದರೆ, ಜಗಳವಾಡುತ್ತಾ ಕೆಲಸ ಬೇಗ ಮುಗಿಯುತ್ತಿತ್ತು.

ಇದೇನೂ ತಿಳಿಯದ ಪಾದ್ರಿಗಳು ಒಂದು ಭಾನುವಾರ ಪ್ರಸಂಗದ ನಡುವೆ ಅವಳನ್ನು ಹೊಗಳಲು ಶುರುಮಾಡಿದರು. ತಾಳ್ಮೆಗೆ ಮಾದರಿ, ಕ್ಷಮೆಗೆ ಮಾದರಿ ಎಂದು ಹೇಳಿ, ಎದ್ದು ಎಲ್ಲರ ಮುಂದೆ ತನ್ನ ಅನುಭವದ ಸಾಕ್ಷಿ ಹೇಳಬೇಕೆಂದರು. ಇಡೀ ಸಭೆ ತಿರುಗಿ ನೋಡಿತು. ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಅಯ್ಯನವರೇ," ಎಂದಳು ಎದ್ದು ನಿಂತು, "ತಾಳ್ಮೆ ಗೀಳ್ಮೆ ಏನೂ ಇಲ್ಲ. ದಿನಾ ಕಿತ್ತಾಡ್ತೀವಿ. ಒಂದಿನ ಬಾಚಣಿಗೆ ಎಸೆದಿದೀನಿ. ಅವರನ್ನ ಪ್ರೀತಿಸ್ತೀನಾ ಅಂದ್ರೆ, ಗೊತ್ತಿಲ್ಲ."

"ಇಲ್ಲ!" ಎಂದು ಮುಂದಿನ ಸಾಲಿನಿಂದ ಟೀಚರಮ್ಮನ ಸ್ಪಷ್ಟ ದನಿ ಬಂತು.

ಸಭೆಯೆಲ್ಲ ನಕ್ಕಿತು. ಪಾದ್ರಿಗಳು ಕೆಮ್ಮಿ, ಹಾಳೆ ತಿರುಗಿಸಿದರು.

ಪ್ಲಾಸ್ಟರ್ ತೆಗೆದ ದಿನ ಟೀಚರಮ್ಮ ಒಣಗಿದ ಕೈಯನ್ನು ಆಡಿಸಿ ತೋರಿಸಿ, "ನಾಳೆಯಿಂದ ಬರ್ಬೇಡ," ಎಂದರು. ಥ್ಯಾಂಕ್ಸ್ ಅನ್ನಲಿಲ್ಲ. ಹೊಲಿಗೆಯಾಕೆಗೆ ನಿಜಕ್ಕೂ ಹಗುರವಾಯಿತು. ಮರುದಿನ ಆರಾಮಾಗಿ ಎದ್ದು, ಎರಡು ಲೋಟ ಚಹಾ ಕುಡಿದು, ಅಂಗಡಿಯ ಬಾಗಿಲು ತೆಗೆದಳು.

ಟೀಚರಮ್ಮ ಹೊರಗೆ ನಿಂತಿದ್ದರು. ಬೈತಲೆ ತಾವೇ ತೆಗೆದುಕೊಂಡಿದ್ದರು, ಸೊಟ್ಟಗೆ. ಒಳಗೆ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತರು.

"ಏನು ಬೇಕಿತ್ತು ಟೀಚರ್?"

"ಏನೂ ಬೇಡ. ನಿನ್ನ ನೋಡೋಣ ಅಂತ ಬಂದೆ."

ಅಷ್ಟರಲ್ಲಿ ಪ್ಯಾಂಟಿಗೆ ಜಿಪ್ ಕೂಡಿಸಲು ಕೊಟ್ಟಿದ್ದವನು ಬಂದ. ಟೀಚರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇಷ್ಟು ಬಿಗಿ ಹಾಕಿಕೊಂಡರೆ ಜಿಪ್ ಹೋಗದೆ ಏನಾಗುತ್ತೆ ಎಂದು ವಿಚಾರಿಸಿಕೊಂಡರು. ಆಮೇಲೆ ಬಿಚ್ಚಬೇಕಿದ್ದ ಹಳೆಯ ಕೋಟೊಂದನ್ನು ತೊಡೆಯ ಮೇಲೆಳೆದುಕೊಂಡು, ಕೈಗೆ ವ್ಯಾಯಾಮವಾಗುತ್ತೆ ಎಂದು ಹೊಲಿಗೆ ಬಿಚ್ಚತೊಡಗಿದರು. ಮಧ್ಯಾಹ್ನವಾದರೂ ಏಳುವ ಲಕ್ಷಣ ಕಾಣಲಿಲ್ಲ.

"ನಿನ್ನ ಟಾಕು ತುಂಬಾ ದೂರ ದೂರ," ಎಂದರು ತಲೆಯೆತ್ತದೆ.

"ಅದು ನಾನು ಹೊಲಿದ ಕೋಟಲ್ಲ ಟೀಚರ್."

"ಯಾರು ಹೊಲಿದರೂ ದೂರವೇ. ಸಂಜೆ ಎಷ್ಟು ಹೊತ್ತಿಗೆ ಮುಚ್ತೀಯ? ನಾಳೆ ನನ್ನ ಕುರ್ಚಿ ತಂದ್ಕೋತೀನಿ. ಈ ಸ್ಟೂಲಿಗೆ ಬೆನ್ನು ಆನಿಸೋಕೆ ಜಾಗ ಇಲ್ಲ."

ಹೊಲಿಗೆಯಾಕೆ ದೊಡ್ಡದೊಂದು ನಿಟ್ಟುಸಿರು ಬಿಟ್ಟು, ಬಟ್ಟೆಯ ರಾಶಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಕಿಟಕಿಯ ಬಳಿ ಕುರ್ಚಿ ಹಿಡಿಸುವಷ್ಟು ಜಾಗ ಆಗುತ್ತದೆಯೇ ಎಂದು ಅಳತೆಯ ಟೇಪು ಹಿಡಿದಳು.