ಬೆಳಗಿನ ಗುಂಡಣ್ಣ, ಮಧ್ಯಾಹ್ನದ ಗುಂಡಣ್ಣ

ವಯಸ್ಸಾದ ಕುದುರೆ ಬೆಳಿಗ್ಗೆ ಲಾಯದಿಂದ ಹೊರಬರುವುದನ್ನು ನೀವೂ ನೋಡಿರಬಹುದು. ಹಿಂಗಾಲು ಎತ್ತಲು ಮನಸ್ಸಿಲ್ಲದೆ, ಗೊರಸಿನ ತುದಿಯಿಂದ ನೆಲ ಸವರುತ್ತಾ ಬರುತ್ತದೆ. ಸವಾರಿ ಮೇಷ್ಟ್ರ ಕುದುರೆ ಗುಂಡಣ್ಣನೂ ಹಾಗೇ ಬರತೊಡಗಿದ್ದ. ಮೇಷ್ಟ್ರ ಬೀದಿಯ ಅರ್ಧ ಮಕ್ಕಳು ಸವಾರಿ ಕಲಿತದ್ದು ಅವನ ಬೆನ್ನ ಮೇಲೆ. ಮೇಷ್ಟ್ರ ಮಗಳಂತೂ ಅವನ ಮುಂಗಾಲು ಹಿಡಿದೇ ನಡೆಯಲು ಕಲಿತವಳು.

“ಇವನಿಗೆ ಡಾಕ್ಟ್ರನ್ನ ಕರೆಸ್ರೀ,” ಎಂದಳು ಮೇಷ್ಟ್ರ ಹೆಂಡತಿ.

“ಯಾಕೆ? ನೀನೂ ಬೆಳಿಗ್ಗೆ ಎದ್ದಾಗ ಮುಖ ಗಂಟು ಹಾಕ್ಕೊಂಡಿರ್ತೀಯ. ಅದಕ್ಕೂ ಡಾಕ್ಟ್ರಾ?”

“ಕರೆಸಿ. ರೋಗದ ಕಾರಣ ಮಂಚದ ಆ ಕಡೆ ಗೊರಕೆ ಹೊಡೀತಿರುತ್ತೆ, ತೋರಿಸ್ತೀನಿ.”

ಪಶುವೈದ್ಯೆ ಬೇರೆ ಯಾರೋ ಅಲ್ಲ, ಹೆಂಡತಿಯ ಸ್ವಂತ ತಂಗಿ. ಹಿಂದೆಯೂ ಬಂದಿದ್ದಳು. ಆದರೆ ಅವಳು ಬರುವ ಮೊದಲೇ ಮೇಷ್ಟ್ರು ಗುಂಡಣ್ಣನನ್ನು ಬೇಲಿಯುದ್ದಕ್ಕೂ ನಡೆಸಿ, ಕಾಲಿಗೆ ಬಿಸಿನೀರಿನ ಬಟ್ಟೆ ಸುತ್ತಿ, ಬಾಲ ಬಾಚಿ ಸಿದ್ಧಮಾಡಿಬಿಡುತ್ತಿದ್ದರು. ಅವಳ ಮುಂದೆ ಗುಂಡಣ್ಣ ಮದುವೆ ಗಂಡಿನಂತೆ ನಡೆಯುತ್ತಿದ್ದ. “ಚೆನ್ನಾಗೇ ಇದ್ದಾನಲ್ಲ ಭಾವ!” ಎಂದು ಅವಳು ಹೊರಟುಹೋಗುತ್ತಿದ್ದಳು.

ಮೇಷ್ಟ್ರು ಹೀಗೆ ಮಾಡುತ್ತಿದ್ದದ್ದು ಭಯದಿಂದ. ಲಾಯ ಚಿಕ್ಕದು. ಸವಾರಿಗೆ ಬಾರದ ಕುದುರೆಯನ್ನು ದೂರದ ಹುಲ್ಲುಗಾವಲಿಗೆ ಕಳಿಸಿಬಿಡಬೇಕೆಂಬ ನಿಯಮ ಮಾಡಿದವರು ಅವರೇ. ಡಾಕ್ಟರ ಬಾಯಿಂದ ‘ಕುಂಟು’ ಎಂಬ ಮಾತು ಬಿದ್ದರೆ ಗುಂಡಣ್ಣ ಹೊರಟಂತೆಯೇ.

ಹೆಂಡತಿ ಗುಟ್ಟಾಗಿ ಫೋನ್ ಮಾಡಿದಳು. ಮರುದಿನ ಲಾಯದ ಬಾಗಿಲು ತೆರೆಯುವ ಮೊದಲೇ ತಂಗಿ ಹಾಜರು. ಮೇಷ್ಟ್ರು ಬನಿಯನ್‌ನಲ್ಲಿದ್ದರು, ಬಾಯಲ್ಲಿ ಬ್ರಷ್ಷು.

“ಏನಮ್ಮಾ, ಹೇಳದೆ ಕೇಳದೆ!” ನೊರೆ ಹಾರಿತು.

“ಅಕ್ಕನ ಮನೆಗೆ ಬರೋಕೆ ಅರ್ಜಿ ಹಾಕ್ಬೇಕಾ ಭಾವ? ಅವನನ್ನ ಆಚೆ ತನ್ನಿ.”

“ಒಂದು ಸುತ್ತು ನಡೆಸಿ ತರ್ತೀನಿ, ಇರು.”

“ಬೇಡ. ನಿದ್ದೆಗಣ್ಣಲ್ಲೇ ಬರ್ಲಿ.”

ಗುಂಡಣ್ಣ ಬಂದ. ಸರ್... ಸರ್... ಗೊರಸು ನೆಲ ಸವರಿತು. ಅವಳು ಸವೆದ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಹಿಂಗಾಲನ್ನು ಮಡಚಿ ಸ್ವಲ್ಪ ಹೊತ್ತು ಹಿಡಿದು, ಬಿಟ್ಟು, ಓಡಿಸಲು ಹೇಳಿದಳು. ಗುಂಡಣ್ಣ ಕಾದ ಕಾವಲಿಯ ಮೇಲೆ ಇಟ್ಟಂತೆ ಕಾಲಿಟ್ಟ. ಮೇಷ್ಟ್ರ ಬಾಯಲ್ಲಿ ಬ್ರಷ್ಷು ನಿಂತುಹೋಯಿತು.

“ಕಾಲ ಕೆಟ್ಟೋಯ್ತು,” ಎಂದರು ಮೆಲ್ಲಗೆ.

“ಕಾಲ ಅಲ್ಲ ಭಾವ, ಕಾಲು. ಅದೂ ಪೂರ್ತಿ ಕೆಟ್ಟಿಲ್ಲ. ಹಿಂಗಾಲಿನ ಮಧ್ಯದ ಈ ಕೀಲಿಗೆ ಇಂಗ್ಲಿಷಲ್ಲಿ ‘ಹಾಕ್’ ಅಂತಾರೆ. ಅದು ಸವೆದಿರೋ ಹಾಗಿದೆ, ಸಂಧಿವಾತ. ನಡೆದು ಮೈ ಬಿಸಿಯಾದ್ರೆ ಬಿಗಿ ಸಡಿಲ ಆಗುತ್ತೆ. ಇಷ್ಟು ದಿನ ನೀವು ನನಗೆ ತೋರಿಸಿದ್ದು ಮಧ್ಯಾಹ್ನದ ಗುಂಡಣ್ಣನ್ನ. ನೋವಿರೋದು ಬೆಳಗಿನ ಗುಂಡಣ್ಣಂಗೆ.”

“ಹಾಗಾದ್ರೆ... ಕಳಿಸ್ಬೇಕಾ?”

ಹೆಂಡತಿ ತುಂಬಿದ ಬಕೆಟ್ಟಿಗೇ ಮತ್ತೆ ನೀರು ತುಂಬಿಸತೊಡಗಿದಳು.

“ಯಾರಂದ್ರು?” ತಂಗಿ ಎದೆಯುಬ್ಬಿಸಿ, ಮೈದಾನದಲ್ಲಿ ಮೇಷ್ಟ್ರು ಗುಡುಗುವ ದನಿಯಲ್ಲೇ ಗುಡುಗಿದಳು: “‘ಬೆನ್ನು ನೇರ! ಮೊದಲು ನಡಿಗೆ, ಆಮೇಲೆ ಓಟ!’ ಮಕ್ಕಳಿಗೆ ಹೇಳೋದನ್ನ ಇವನಿಗೂ ಮಾಡಿ ಭಾವ. ಜೀನು ಹಾಕಿದ್ಮೇಲೆ ತುಂಬಾ ಹೊತ್ತು ಬರೀ ನಡಿಗೆ. ನೇರ ದಾರಿ, ದೊಡ್ಡ ಸುತ್ತು. ಚಿಕ್ಕ ಸುತ್ತು ಬೇಡ, ಜಿಗಿತ ಬೇಡ, ಆಳದ ಕೆಸರಂತೂ ಬೇಡವೇ ಬೇಡ.”

“ನೋವಿರೋನು ಲಾಯದಲ್ಲೇ ಆರಾಮಾಗಿ ಇರಬಾರ್ದಾ?”

“ದಿನವಿಡೀ ನಿಂತ್ರೆ ಇನ್ನೂ ಬಿಗಿಯುತ್ತೆ. ಬಯಲಿಗೆ ಬಿಡಿ, ತಾನೇ ಓಡಾಡ್ಲಿ. ತೂಕಾನೂ ಇಳೀಲಿ. ಹೆಸರು ಗುಂಡಣ್ಣ ಅಂತ ಹೊಟ್ಟೆನೂ ಗುಂಡಗಿರ್ಬೇಕಾ?”

“ಒಳಗೆ ಮಲಗೋ ಗುಂಡಣ್ಣಂಗೂ ಅದನ್ನೇ ಬರೆದುಕೊಡೇ,” ಎಂದಳು ಅಕ್ಕ.

ಮೇಷ್ಟ್ರು ಅದನ್ನು ಕೇಳಿಸಿಕೊಳ್ಳದವರಂತೆ, “ನನ್ನ ಮಂಡಿನೋವಿನ ಮಾತ್ರೆ ಇದೆ, ಅರ್ಧ ಕೊಡ್ಲಾ?” ಎಂದರು.

“ಮುಟ್ಟಿದ್ರೆ ನೋಡಿ! ನಿಮ್ಮ ಮಾತ್ರೆ ನಿಮಗೆ. ಇವನಿಗೆ ಎಕ್ಸ್-ರೇ ತೆಗೆದು ಔಷಧಿ ನಾನು ಕೊಡ್ತೀನಿ. ಬೇಕಾದ್ರೆ ಕೀಲಿಗೇ ಇಂಜೆಕ್ಷನ್. ಲಾಳ ಹೊಡೆಯೋರ ಹತ್ರಾನೂ ಮಾತಾಡ್ತೀನಿ, ಗೊರಸು ಸರಿಯಾಗಿ ಕೆತ್ತಿದ್ರೆ ಹೆಜ್ಜೆ ಎತ್ತೋದು ಸುಲಭ. ಇದು ವಾಸಿಯಾಗಿ ಮಾಯ ಆಗೋದಲ್ಲ ಭಾವ, ನಿಭಾಯಿಸೋದು. ನಿಭಾಯಿಸಿದ್ರೆ ಚಿಕ್ಕ ಮಕ್ಕಳನ್ನ ಇನ್ನೂ ಹೊರ್ತಾನೆ.”

ಎಕ್ಸ್-ರೇಯೂ ಅವಳ ಮಾತನ್ನೇ ಹೇಳಿತು. ಮಳೆಗಾಲ ಕಳೆಯುವಷ್ಟರಲ್ಲಿ ಗುಂಡಣ್ಣನ ಹೊಟ್ಟೆ ಇಳಿದಿತ್ತು. ಜಿಗಿತದ ಕಂಬಗಳು ಬೇರೆ ಕುದುರೆಗಳ ಪಾಲಾದವು, ಹೊಸದಾಗಿ ಸೇರಿದ ಪುಟಾಣಿಗಳು ಅವನ ಪಾಲಿಗೆ ಬಂದರು. ಬೆಳಿಗ್ಗೆ ಒಂದಿಷ್ಟು ಬಿಗಿ ಈಗಲೂ ಇದೆ. ಗೊರಸು ನೆಲ ಸವರುವುದು ಮಾತ್ರ ಅಪರೂಪ.

ಒಂದು ದಿನ ಮೇಷ್ಟ್ರು ನಾದಿನಿಗೆ ಹೇಳಿದರು: “ಸವಾರಿ ಸಾಕು ಅಂತ ನೀನಂದ ದಿನ ಜೀನು ಇಳಿಸ್ತೀನಿ. ಆದ್ರೆ ಇವನು ಇಲ್ಲೇ ಇರ್ತಾನೆ. ನಿಯಮ ಮಾಡಿದೋನು ನಾನು, ಮುರಿಯೋನೂ ನಾನೇ.”

ಕುದುರೆ ಸಾಕಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಹಳೆಯ ಗೆಳೆಯ ಬೆಳಿಗ್ಗೆ ಬಿಗಿದುಕೊಂಡಿದ್ದರೆ ಸೋಮಾರಿ ಎಂದು ಗದರಬೇಡಿ, ವಯಸ್ಸಾಯಿತೆಂದು ಕೈಬಿಡಬೇಡಿ. ಮನೆಯ ಮಾತ್ರೆ ಕೊಡಲೇಬೇಡಿ. ಪಶುವೈದ್ಯರನ್ನು ಕರೆಸಿ. ಅವರು ಬರುವ ಮೊದಲು ಬೇಕಾದರೆ ಬಾಲ ಬಾಚಿ, ಆದರೆ ನಡೆಸಿ ಬಿಸಿ ಮಾಡಬೇಡಿ. ಇದ್ದ ಹಾಗೇ ತೋರಿಸಿ. ನಾಳೆ ಲಾಯದ ಬಾಗಿಲು ತೆಗೆದಾಗ ಒಂದು ಗಳಿಗೆ ಅಲ್ಲೇ ನಿಂತು, ಅದರ ಹಿಂಗಾಲಿನ ಮೊದಲ ಹೆಜ್ಜೆಗಳನ್ನು ನೋಡಿ.