ಚುಕ್ಕೆ ಗುರುತಿನ ಹಾವು

ಮೂಕಮ್ಮನ ಸೊಸೆ ಚೈತ್ರಾಳಿಗೆ ಶೇಂಗಾ ಹೊಲದಲ್ಲಿ ಕಳೆ ತೆಗೆಯುವಾಗ ಕೊಳಕುಮಂಡಲ ಕಚ್ಚಿದ್ದು ಜುಲೈ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ. ಅಂದರೆ ಸರ್ಕಾರಿ ಆಸ್ಪತ್ರೆ ತೆರೆದಿರುವ ಹೊತ್ತಿಗೆ. ಹಾವು ಅಷ್ಟರಮಟ್ಟಿಗೆ ನಿಯಮ ಪಾಲಿಸಿತ್ತು.

ಜಗಳೂರಿನ ಸೊಕ್ಕೆ ಕಡೆಯ ಕರಿಗಲ್ಲಹಟ್ಟಿಯ ಪ್ರಾಥಮಿಕ ಆರೋಗ್ಯ ಕೇಂದ್ರ ಆ ಹೊಲದಿಂದ ಒಂದೂವರೆ ಕಿಲೋಮೀಟರ್. ಮಗ ಕೆಂಚೇಶ್ ಬೈಕ್ ಓಡಿಸಿದ, ಮೂಕಮ್ಮ ಹಿಂದೆ ಕೂತು ಸೊಸೆಯನ್ನು ಅವುಚಿ ಹಿಡಿದಳು. ಆರು ನಿಮಿಷದಲ್ಲಿ ತಲುಪಿದರು. ಅಲ್ಲಿ ಹೊಸ ಕಟ್ಟಡವಿತ್ತು. ಹಾವು ಕಚ್ಚಿದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ತಿಳಿಸುವ ಬಣ್ಣದ ಫಲಕವಿತ್ತು. ನರ್ಸ್ ನೇತ್ರಾವತಿ ಇದ್ದಳು. ಔಷಧಿ ಇರಲಿಲ್ಲ. ವೈದ್ಯರಂತೂ ಎರಡು ವರ್ಷದಿಂದ ಇರಲಿಲ್ಲ.

“ಸಿಸ್ಟರಮ್ಮ, ಒಂದು ಇಂಜೆಕ್ಷನ್ ಹಾಕ್ರಿ.”

“ಇದ್ದಿದ್ರೆ ಇಷ್ಟೊತ್ತಿಗೆ ಹಾಕಿರ್ತಿದ್ದೆ ಮೂಕಮ್ಮ. ಮುಗಿದು ನಾಲ್ಕು ತಿಂಗಳಾತು. ಆಕೀನ್ನ ಅಲುಗಾಡಿಸಬ್ಯಾಡ್ರಿ. ಆಂಬುಲೆನ್ಸ್ ಕರೀತೀನಿ, ದಾವಣಗೆರೆಗೆ ಹೋಗಾನ.”

ಆಂಬುಲೆನ್ಸಿನಲ್ಲಿ ನೇತ್ರಾವತಿಯೂ ಹೋದಳು. ದಾರಿಯುದ್ದಕ್ಕೂ ಚೈತ್ರಾಳ ನಾಡಿ ಹಿಡಿದು ಕೂತಳು, ಹಿಡಿಯುವುದಕ್ಕೆ ಅವಳ ಬಳಿ ಬೇರೇನೂ ಇರಲಿಲ್ಲ. ಹನ್ನೊಂದು ದಿನ, ನಾಲ್ಕು ಸಲ ಡಯಾಲಿಸಿಸ್ ಆದ ಮೇಲೆ ಚೈತ್ರಾ ಬದುಕಿ ಮನೆಗೆ ಬಂದಳು.

ಮೂಕಮ್ಮ ಓದಿದವಳಲ್ಲ, ಆದರೆ ಬಿಡುವವಳೂ ಅಲ್ಲ. ಮರುವಾರ ಸಮುದಾಯ ಭವನದ ಗುದ್ದಲಿ ಪೂಜೆಗೆ ಬಂದ ಶಾಸಕರ ಕಾರಿಗೆ ಅಡ್ಡ ನಿಂತಳು.

“ಸಾಹೇಬ್ರೆ, ಆಸ್ಪತ್ರಿ ಕಟ್ಟಿಸಿದ್ರಿ. ಒಳಗೆ ಔಷಧಿ ಇಡಾಕೆ ಮರ್ತೀರಿ.”

ಶಾಸಕರು ಆಗ ವಿರೋಧ ಪಕ್ಷದಲ್ಲಿದ್ದರು. ಆದ್ದರಿಂದ ಅವರಿಗೆ ಜನರ ಕಷ್ಟ ಚೆನ್ನಾಗಿ ಅರ್ಥವಾಗುತ್ತಿತ್ತು. ಅಲ್ಲಿಯೇ ಆಪ್ತ ಸಹಾಯಕನಿಗೆ ಬರೆದುಕೊಳ್ಳಲು ಹೇಳಿದರು. ಹೀಗೆ ಕೊಳಕುಮಂಡಲದ ವಿಷಯ ವಿಧಾನಮಂಡಲಕ್ಕೆ ಹೋಯಿತು, ಅದೂ ಚುಕ್ಕೆ ಗುರುತಿನ ಪ್ರಶ್ನೆಯಾಗಿ. ಅಂದರೆ ಸಚಿವರು ಸದನದಲ್ಲಿ ಎದ್ದು ನಿಂತು ಬಾಯಿಬಿಟ್ಟು ಉತ್ತರಿಸಬೇಕಾದದ್ದು.

“(ಅ) ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾವು ಕಡಿತದ ಚುಚ್ಚುಮದ್ದು ಲಭ್ಯವಿಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಕೇಂದ್ರವಾರು ದಾಸ್ತಾನು ಎಷ್ಟು? (ಇ) ಇಲ್ಲದಿದ್ದಲ್ಲಿ ಕಾರಣವೇನು?”

ಈ ಪ್ರಶ್ನೆ ಬೆಂಗಳೂರಿನಲ್ಲಿ ಮೇಜಿನಿಂದ ಮೇಜಿಗೆ ಹನ್ನೆರಡು ದಿನ ವಿಶ್ರಾಂತಿ ಪಡೆಯಿತು. ಹದಿಮೂರನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಮೇಲಿನ ಕಚೇರಿಯ ಗುಮಾಸ್ತ ಕಲ್ಲೇಶ್ ನೇತ್ರಾವತಿಗೆ ಫೋನ್ ಮಾಡಿದ.

“ಮೇಡಂ, ಅಸೆಂಬ್ಲಿ ಪ್ರಶ್ನೆ ಬಂದೈತೆ. ನಾಲ್ಕರೊಳಗೆ ಉತ್ತರ ಬೇಕು. ಅರ್ಜೆಂಟ್.”

ಸರತಿಯಲ್ಲಿ ನಿಂತಿದ್ದ ಇಬ್ಬರು ಬಾಣಂತಿಯರನ್ನು ಕೂರಿಸಿ ನೇತ್ರಾವತಿ ಬರೆದಳು: ‘ದಾಸ್ತಾನು: ಇಲ್ಲ. ಎಷ್ಟು ದಿನದಿಂದ: ಐದು ತಿಂಗಳು. ಕಾರಣ: ಮೂರು ಸಲ ಬೇಡಿಕೆ ಕಳಿಸಿದರೂ ಬಂದಿಲ್ಲ.’ ಚಿತ್ರ ತೆಗೆದು ವಾಟ್ಸಾಪಿನಲ್ಲಿ ಕಳಿಸಿದಳು. ಎರಡು ನಿಮಿಷದಲ್ಲಿ ಮತ್ತೆ ಫೋನ್.

“ಮೇಡಂ, ಹಿಂಗೆ ‘ಇಲ್ಲ’ ಅಂತ ಬರೀಬಾರದ್ರಿ.”

“ಇಲ್ಲದ್ದನ್ನ ಮತ್ತೆ ಹೆಂಗೆ ಬರೀಬೇಕ್ರಿ ಕಲ್ಲೇಶಣ್ಣ?”

“‘ಬೇಡಿಕೆ ಸಲ್ಲಿಸಲಾಗಿರುತ್ತದೆ’ ಅಂತ ಹಾಕ್ತೀನಿ. ಅದೂ ನಿಜಾನೇ ಅಲ್ವಾ?”

ನಿಜವೇ ಆಗಿತ್ತು. ಅದರ ಮೇಲಿನ ಕಚೇರಿಯಲ್ಲಿ ಅದು ‘ಬೇಡಿಕೆಯಂತೆ ಸರಬರಾಜು ಮಾಡಲಾಗುತ್ತಿದೆ’ ಎಂದಾಯಿತು. ಇನ್ನೂ ಮೇಲೆ ‘ಸರಬರಾಜು ಮಾಡಲಾಗಿದೆ’. ಬೆಂಗಳೂರು ಮುಟ್ಟುವಷ್ಟರಲ್ಲಿ ‘ಪ್ರತಿ ಕೇಂದ್ರದಲ್ಲಿ ಹತ್ತು ವಯಲ್ ಔಷಧಿ ಲಭ್ಯವಿರುತ್ತದೆ’. ಯಾರೂ ಸುಳ್ಳು ಹೇಳಲಿಲ್ಲ. ಪ್ರತಿಯೊಬ್ಬರೂ ಒಂದೊಂದು ಕ್ರಿಯಾಪದ ತಿದ್ದಿದರು, ಅಷ್ಟೆ.

ಪ್ರಶ್ನೋತ್ತರದ ದಿನ ಮೂಕಮ್ಮ ಸೊಸೆಯನ್ನು ಕರೆದುಕೊಂಡು ಆಸ್ಪತ್ರೆಗೇ ಬಂದಳು. ನೇತ್ರಾವತಿಯ ಮೊಬೈಲಿನಲ್ಲಿ ಮೂವರೂ ಕಲಾಪ ನೋಡಿದರು. ಅವರ ಪ್ರಶ್ನೆ ಏಳನೆಯದು. ಮೂರನೆಯದು ನಡೆಯುತ್ತಿರುವಾಗ ಒಬ್ಬ ಸದಸ್ಯರು ಇನ್ನೊಬ್ಬರ ತಂದೆಯ ಬಗ್ಗೆ ಏನೋ ಅಂದರು. ಎರಡೂ ಕಡೆಯವರು ಎದ್ದರು, ಕೆಲವರು ಸದನದ ಬಾವಿಗಿಳಿದರು, ಕಾಗದಗಳು ಹಾರಿದವು. ಸಾರ್ವಜನಿಕ ಆರೋಗ್ಯಕ್ಕಿಂತ ಒಬ್ಬರ ತಂದೆಯ ಮರ್ಯಾದೆ ದೊಡ್ಡದು ಎಂಬುದರಲ್ಲಿ ಇಡೀ ಸದನಕ್ಕೆ ಒಮ್ಮತವಿತ್ತು. ಉಳಿದ ಉತ್ತರಗಳನ್ನು ಮಂಡಿಸಲಾಗಿದೆ ಎಂದು ಸಭಾಧ್ಯಕ್ಷರು ಹೇಳಿ ಕಲಾಪ ಮುಂದೂಡಿದರು.

“ನಮ್ಮ ಹಾವು ಯಾವಾಗ ಬರ್ತೈತೆ?” ಎಂದು ಮೂಕಮ್ಮ ಕೇಳಿದಳು.

“ಮಂಡಿಸಲಾಗಿದೆ ಅಂದ್ರಲ್ಲ, ಬಂದು ಹೋತು,” ಎಂದಳು ನೇತ್ರಾವತಿ.

ನಾಲ್ಕು ದಿನದ ಮೇಲೆ ಶಾಸಕರ ಆಪ್ತ ಸಹಾಯಕ ಉತ್ತರದ ಪ್ರತಿಯನ್ನು ಕೆಂಚೇಶನಿಗೆ ಕಳಿಸಿದ. (ಅ) ಬಂದಿರುವುದಿಲ್ಲ. (ಆ) ವಿವರಗಳನ್ನು ಅನುಬಂಧದಲ್ಲಿ ಒದಗಿಸಿದೆ. (ಇ) ಪ್ರಶ್ನೆಯೇ ಉದ್ಭವಿಸುವುದಿಲ್ಲ. ಅನುಬಂಧದಲ್ಲಿ ಕರಿಗಲ್ಲಹಟ್ಟಿಯ ಮುಂದೆ ‘೧೦’ ಎಂದಿತ್ತು.

ಮೂಕಮ್ಮ ಆ ಹಾಳೆ ಹಿಡಿದು ಬಂದಳು. “ಹತ್ತು ಅದಾವಂತೆ. ತೋರಿಸ್ರಿ.”

ನೇತ್ರಾವತಿ ಬೀರು ತೆರೆದಳು. ಮೂಕಮ್ಮ ಬೀರು ನೋಡಿದಳು, ಹಾಳೆ ನೋಡಿದಳು. ನೇತ್ರಾವತಿಯ ಮುಖ ಮಾತ್ರ ನೋಡಲಿಲ್ಲ. ಹದಿನಾಲ್ಕು ವರ್ಷದ ನೌಕರಿಯಲ್ಲಿ ನೇತ್ರಾವತಿಗೆ ಅಷ್ಟು ಅವಮಾನ ಎಂದೂ ಆಗಿರಲಿಲ್ಲ. ಮೂಕಮ್ಮನನ್ನು ಅಲ್ಲೇ ಕೂರಿಸಿ ಮೇಲಿನ ಕಚೇರಿಗೆ ಒಂದು ಪತ್ರ ಬರೆದು ವಾಟ್ಸಾಪಿನಲ್ಲಿ ಕಳಿಸಿದಳು.

‘ಸದನಕ್ಕೆ ಒದಗಿಸಿರುವ ಉತ್ತರದಂತೆ ಈ ಕೇಂದ್ರದಲ್ಲಿ ಹತ್ತು ವಯಲ್ ಇರತಕ್ಕದ್ದು. ಸದರಿ ವಯಲ್‌ಗಳು ಬೀರುವಿನಲ್ಲಿ ಕಂಡುಬರುತ್ತಿಲ್ಲ. ಸರ್ಕಾರ ತಪ್ಪು ಹೇಳುವ ಸಂಭವವಿಲ್ಲವಾದ್ದರಿಂದ ಕಳವಾಗಿರಬಹುದೆಂದು ಶಂಕಿಸಲಾಗಿದೆ. ಪೊಲೀಸ್ ಠಾಣೆಗೆ ದೂರು ನೀಡಲು ಅನುಮತಿ ಕೋರಿದೆ. ಪ್ರತಿ: ಮಾನ್ಯ ಶಾಸಕರಿಗೆ.’

ಕಲ್ಲೇಶನ ಫೋನು ಅರ್ಧ ಗಂಟೆಯಲ್ಲಿ ಬಂತು. ದನಿ ಸಣ್ಣಗಾಗಿತ್ತು.

“ಏನ್ ಮಾಡಿದ್ರಿ ಮೇಡಂ. ಸದನಕ್ಕೆ ತಪ್ಪು ಮಾಹಿತಿ ಅಂದ್ರೆ ಹಕ್ಕುಚ್ಯುತಿ ಆಗ್ತೈತೆ. ಮೇಲಿನಿಂದ ಕೆಳಗಿನ ತನಕ ಎಲ್ರೂ ಬೆಂಗಳೂರಿಗೆ ಹೋಗಿ ಕೈಕಟ್ಟಿ ನಿಲ್ಲಬೇಕಾಗ್ತೈತೆ.”

“ಜನ ಸತ್ರೆ ಏನೂ ಆಗಲ್ವೇನ್ರಿ?”

“ಅದಕ್ಕೆ ರೂಲ್ಸಲ್ಲಿ ಏನಿಲ್ರಿ,” ಎಂದ ಕಲ್ಲೇಶ್. ಪಾಪ, ಅವನು ನಿಜವನ್ನೇ ಹೇಳಿದ.

ಐದು ತಿಂಗಳಲ್ಲಿ ಬಾರದ ಔಷಧಿ ಮರುದಿನ ಬೆಳಿಗ್ಗೆ ಎಂಟಕ್ಕೆ ಜೀಪಿನಲ್ಲಿ ಬಂತು. ಕಲ್ಲೇಶನೇ ಮಡಿಲ ಮೇಲಿಟ್ಟುಕೊಂಡು ತಂದಿದ್ದ. ಹಿಂದಿನ ತಿಂಗಳ ತಾರೀಖು ಹಾಕಿ ಸಹಿ ಮಾಡಿರೆಂದು ಬೇಡಿದ. ನೇತ್ರಾವತಿ ಅವನಿಗೆ ಚಹಾ ಕೊಟ್ಟು ಅಂದಿನ ತಾರೀಖನ್ನೇ ಹಾಕಿದಳು.

ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನ ಬಂತು. ಮೂಕಮ್ಮ ಅಷ್ಟರಲ್ಲಿ ಶಾಸಕರ ಮನೆಯ ನಾಯಿಗೂ ಪರಿಚಯವಾಗಿದ್ದಳು. ಈ ಸಲದ ಪ್ರಶ್ನೆ ಖಾಲಿ ಬಿದ್ದ ವೈದ್ಯರ ಹುದ್ದೆಗಳದ್ದು. ಕಲ್ಲೇಶ್ ಎಂದಿನಂತೆ ಮೂರಕ್ಕೆ ಫೋನ್ ಮಾಡಿ ನಾಲ್ಕರೊಳಗೆ ಕೇಳಿದ. ನೇತ್ರಾವತಿ ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಸುಳ್ಳು ಬರೆದು ಅಭ್ಯಾಸವಿರಲಿಲ್ಲ, ಎರಡು ಹಾಳೆ ಹರಿದುಹಾಕಿದಳು. ಕೊನೆಗೆ ಬರೆದಳು: ‘ವೈದ್ಯರು ಕಾರ್ಯನಿರ್ವಹಿಸುತ್ತಿದ್ದಾರೆ.’

“ಮೇಡಂ, ಅಲ್ಲಿ ಡಾಕ್ಟ್ರು ಇಲ್ಲಲ್ರಿ,” ಎಂದ ಕಲ್ಲೇಶ್.

“‘ಇಲ್ಲ’ ಅಂತ ಬರೀಬಾರದು ಅಂದೋರು ಯಾರು?”

ಕಲ್ಲೇಶ್ ಫೋನಿಟ್ಟ. ಆ ಉತ್ತರವನ್ನು ಯಾವ ಕಚೇರಿಯಲ್ಲಿಯೂ ಯಾರೂ ತಿದ್ದಲಿಲ್ಲ. ಅವಳು ಬರೆದದ್ದು ಅಕ್ಷರವೂ ಬದಲಾಗದೆ ಸದನ ಮುಟ್ಟಿದ್ದು ಅದೇ ಮೊದಲು.

ಆ ದಿನ ಯಾಕೋ ಯಾರ ತಂದೆಯ ಮಾತೂ ಬರಲಿಲ್ಲ, ಪ್ರಶ್ನೆಯ ಸರದಿ ಬಂತು. ಕರಿಗಲ್ಲಹಟ್ಟಿಯಲ್ಲಿ ವೈದ್ಯರು ಕಾರ್ಯನಿರ್ವಹಿಸುತ್ತಿದ್ದಾರೆ ಎಂದು ಸಚಿವರು ಗಂಭೀರವಾಗಿ ಓದಿದರು. ಶಾಸಕರು ಎದ್ದು ಒಂದೇ ಉಪಪ್ರಶ್ನೆ ಕೇಳಿದರು: “ಆ ವೈದ್ಯರ ಹೆಸರೇನು?”

ಸಚಿವರು ಅಧಿಕಾರಿಗಳು ಕೂತ ಕಡೆ ತಿರುಗಿದರು. ಒಂದು ಚೀಟಿ ಬಂತು, ಎರಡು ಬಂದವು, ಐದು ಬಂದವು. ಕೇಂದ್ರದ ವಿಸ್ತೀರ್ಣವಿತ್ತು, ಹಾಸಿಗೆಗಳ ಸಂಖ್ಯೆಯಿತ್ತು, ಉದ್ಘಾಟನೆಯ ದಿನಾಂಕವಿತ್ತು. ಹೆಸರು ಒಂದರಲ್ಲಿಯೂ ಇರಲಿಲ್ಲ. “ಸಂಜೆಯೊಳಗೆ ಒದಗಿಸುತ್ತೇನೆ,” ಎಂದು ಸಚಿವರು ಕೂತರು.

ಸಂಜೆಯೊಳಗೆ ಹೆಸರು ಬೇಕಾದ್ದರಿಂದ ವೈದ್ಯರೂ ಬೇಕಾಯಿತು. ಪಕ್ಕದ ಕೇಂದ್ರದ ಡಾಕ್ಟರ್ ಮೇಘಶ್ರೀಯವರನ್ನು ವಾರಕ್ಕೆ ಮೂರು ದಿನ ಕರಿಗಲ್ಲಹಟ್ಟಿಗೆ ನಿಯೋಜಿಸಿ ಆದೇಶವಾಯಿತು. ಅದೇ ಲಕೋಟೆಯಲ್ಲಿ, ತಪ್ಪು ಮಾಹಿತಿ ನೀಡಿದ್ದಕ್ಕೆ ನಿಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು ಎಂದು ನೇತ್ರಾವತಿಗೆ ನೋಟಿಸೂ ಬಂತು. ಆಕೆ ಹೆದರಿದಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಒಂದು ಸಾಲಿನ ಉತ್ತರ ಬರೆದಳು: ‘ಈ ಬಗ್ಗೆ ಪರಿಶೀಲಿಸಲಾಗುತ್ತಿದೆ.’ ಇಲಾಖೆ ಅದನ್ನು ಒಪ್ಪಿಕೊಂಡು ಕಡತ ಮುಚ್ಚಿತು.

ಸೋಮವಾರ ಡಾಕ್ಟರ್ ಮೇಘಶ್ರೀ ಬಂದರು. ಮೊದಲ ರೋಗಿ ಚೈತ್ರಾ. ಅವಳ ರಕ್ತಪರೀಕ್ಷೆಯ ಚೀಟಿಗಳನ್ನು ಒಂದೊಂದಾಗಿ ನೋಡಿ, ಕಿಡ್ನಿ ಸುಧಾರಿಸಿದೆ, ಹೊಲದ ಕೆಲಸ ಮೆಲ್ಲಗೆ ಶುರುಮಾಡಬಹುದು ಎಂದರು. ಮೂಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಹೊರಗೆ ಹೋಗಿ ನಿಂತಳು.

ಅದೇ ಮಧ್ಯಾಹ್ನ ಪಕ್ಕದ ಕೇಂದ್ರದ ನರ್ಸ್ ಹನುಮಂತಮ್ಮನ ಫೋನ್ ಬಂತು.

“ಅಕ್ಕ, ನಮ್ಮ ಡಾಕ್ಟ್ರನ್ನ ನೀವು ಕರ್ಕೊಂಡ್ರಿ, ಆಗಲಿ. ಇವತ್ತು ಇಲ್ಲಿ ನಲವತ್ತು ಜನ ಕುಂತಾರೆ. ಪ್ರಶ್ನೆ ಕೇಳಿಸಾಕೆ ಯಾರನ್ನ ಹಿಡೀಬೇಕು?”

ನೇತ್ರಾವತಿ ಕಿಟಕಿಯಾಚೆ ನೋಡಿ, ಮೂಕಮ್ಮನ ನಂಬರ್ ಕೊಟ್ಟಳು.